ಲೋಗೋಸ್ ಹೋಪ್‌ನಲ್ಲಿ ಅಪ್ಪ ಅಮ್ಮನ ಕೆಲಸ

ನಿವೃತ್ತಿಯ ನಂತರ ಹಡಗಿನಲ್ಲಿ ಸೇವೆಗೆ ಹೋಗುತ್ತೇವೆ ಎಂದಾಗ ಮಂಗಳೂರಿನ ನಮ್ಮ ಸಭೆಯಲ್ಲಿ ಹಲವರು ಒಂದೇ ಮಾತು ಕೇಳಿದರು: ‘ಅಲ್ಲಿರುವವರು ಹದಿನೆಂಟು, ಇಪ್ಪತ್ತರ ಮಕ್ಕಳು. ನೀವು ಹೋಗಿ ಮಾಡುವುದೇನು?’ ನನ್ನ ಗಂಡ ವ್ಯಾಪಾರಿ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು, ಅವರಿಗೆ ಉತ್ತರ ಸುಲಭವಿತ್ತು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನ್ನ ಬಳಿ ಆಗ ಉತ್ತರ ಇರಲಿಲ್ಲ. ಈಗ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಲೋಗೋಸ್ ಹೋಪ್ ಹಳೆಯ ಹಡಗು. 1973ರಲ್ಲಿ ಜರ್ಮನಿಯಲ್ಲಿ ಕಾರು, ಪ್ರಯಾಣಿಕರನ್ನು ಸಾಗಿಸುವ ಫೆರಿಯಾಗಿ ಕಟ್ಟಿದ್ದು. ಆಪರೇಷನ್ ಮೊಬಿಲೈಸೇಷನ್ ಎಂಬ ಕ್ರೈಸ್ತ ಮಿಷನ್ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿ ಓಎಂ, ಅದನ್ನು 2004ರಲ್ಲಿ ಕೊಂಡು, ವರ್ಷಗಟ್ಟಲೆ ದುರಸ್ತಿ ಮಾಡಿಸಿ 2009ರಲ್ಲಿ ಸೇವೆಗೆ ಇಳಿಸಿತು. ಕಾರುಗಳು ನಿಲ್ಲುತ್ತಿದ್ದ ಡೆಕ್ಕಿನಲ್ಲಿ ಈಗ ಪುಸ್ತಕದ ಮಳಿಗೆ. ಬಂದರಿನಿಂದ ಬಂದರಿಗೆ ಹೋಗಿ ಪುಸ್ತಕ ಮಾರುವುದು, ಊರಿನೊಳಗೆ ಇಳಿದು ಜನರ ಜೊತೆ ಕೈಜೋಡಿಸುವುದು, ಸುವಾರ್ತೆ ಹೇಳುವುದು, ಜೊತೆಗೆ ಹಡಗಿನಲ್ಲಿರುವ ಯುವಕ ಯುವತಿಯರನ್ನು ಮುಂದಿನ ಸೇವೆಗೆ ತರಬೇತುಗೊಳಿಸುವುದು ಅದರ ಕೆಲಸ. ಸುಮಾರು ಅರವತ್ತು ದೇಶಗಳಿಂದ ಬಂದ ಮುನ್ನೂರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಬದುಕುತ್ತಾರೆ. ಸಂಬಳ ಯಾರಿಗೂ ಇಲ್ಲ, ಕ್ಯಾಪ್ಟನ್‌ಗೂ ಇಲ್ಲ. ಅವರವರ ಖರ್ಚನ್ನು ಅವರವರ ಊರಿನ ಸಭೆ, ನೆಂಟರಿಷ್ಟರು ಹೊರುತ್ತಾರೆ.

ಹೊಸಬರು ಹಡಗು ಹತ್ತಿದರೆ ಅವರಿಗೊಂದು ಡಿಪಾರ್ಟ್‌ಮೆಂಟು ಸಿಗುತ್ತದೆ: ಎಂಜಿನ್, ಡೆಕ್, ಅಡುಗೆಮನೆ, ಪುಸ್ತಕ ಮಳಿಗೆ. ಜೊತೆಗೆ ಒಂದು ಶಿಪ್ ಫ್ಯಾಮಿಲಿಯೂ ಸಿಗುತ್ತದೆ. ಬೇರೆ ಬೇರೆ ದೇಶದ ಕೆಲವು ಮಕ್ಕಳು, ಅವರಿಗೆ ಅಪ್ಪ ಅಮ್ಮನಾಗಿ ಒಂದು ದಂಪತಿ. ಆ ಪಾಲು ನಮಗೂ ಬಂತು.

ನಮ್ಮ ಪಾಲಿನ ಮಕ್ಕಳು ಕೊರಿಯ, ಬ್ರೆಜಿಲ್, ಜರ್ಮನಿ, ಇಂಡೋನೇಷ್ಯ, ಘಾನಾ, ಪಪುವಾ ನ್ಯೂಗಿನಿಯವರು. ಭಕ್ತಿಯಲ್ಲಿ ಅವರಿಗೆ ಕೊರತೆಯೇ ಇರಲಿಲ್ಲ. ರಾತ್ರಿ ಪ್ರಾರ್ಥನೆಗೆ ಕೂತರೆ ಎದ್ದೇಳುತ್ತಿರಲಿಲ್ಲ. ನಾಲ್ವರು ಒಂದು ಕ್ಯಾಬಿನ್‌ನಲ್ಲಿ, ಕೆಲವೆಡೆ ಕಿಟಕಿಯೂ ಇಲ್ಲದೆ ಇರುವಾಗ ಏಳುವ ಸಣ್ಣ ಸಣ್ಣ ಕಷ್ಟಗಳೇ ಅವರನ್ನು ಹಣ್ಣು ಮಾಡುತ್ತಿದ್ದವು. ಎಸಿ ಎಷ್ಟಿರಬೇಕು, ಬೆಳಗ್ಗೆ ಯಾರ ಅಲಾರಂ ಎಷ್ಟು ಸಲ ಹೊಡೆಯಬಹುದು, ನನ್ನ ಟವೆಲನ್ನು ಯಾರು ಬಳಸಿದರು. ಇವನ್ನೆಲ್ಲ ಪ್ರಾರ್ಥನೆಯಲ್ಲಿ ಹೇಳಲು ನಾಚಿಕೆ, ಲೀಡರ್ ಹತ್ತಿರ ಹೇಳಿದರೆ ದೂರು ಕೊಟ್ಟಂತಾಗುತ್ತದೆಂಬ ಹೆದರಿಕೆ. ಅಂಥ ಮಾತಿಗೆ ಒಬ್ಬ ಅಮ್ಮ ಬೇಕು.

ಒಂದು ಸಲ ಜರ್ಮನ್ ಹುಡುಗಿ ತನ್ನ ತಂಡದ ಇಂಡೋನೇಷ್ಯದ ಹುಡುಗಿಗೆ ಎಲ್ಲರೆದುರು, ‘ನೀನು ಲೆಕ್ಕ ಸರಿಯಾಗಿ ಇಟ್ಟಿಲ್ಲ, ಮತ್ತೆ ಮಾಡು’ ಎಂದಳು. ಅವಳ ಊರಿನಲ್ಲಿ ಅದು ಪ್ರಾಮಾಣಿಕತೆ. ಕೇಳಿಸಿಕೊಂಡವಳಿಗೆ ಮುಖಕ್ಕೆ ಹೊಡೆದಂತಾಯಿತು. ಅವಳು ನಕ್ಕು ತಲೆಯಾಡಿಸಿ, ಮರುದಿನದಿಂದ ಊಟಕ್ಕೂ ಬಾರದೆ ಮೂಲೆ ಸೇರಿದಳು. ‘ನಾನೇನು ತಪ್ಪು ಹೇಳಿದೆ?’ ಎಂದು ಜರ್ಮನ್ ಹುಡುಗಿ ನಿಜಕ್ಕೂ ಅಳುತ್ತಾ ಬಂದಳು. ನಾವು ದಕ್ಷಿಣ ಕನ್ನಡದವರು ಕೂಡ ಹಿರಿಯರ ಮುಖ ನೋಡಿ ‘ಇಲ್ಲ’ ಎನ್ನದೆ ‘ನೋಡುವ’ ಎನ್ನುವ ಜನ. ಹಾಗಾಗಿ ಆ ನಗುವಿನ ಹಿಂದೆ ಏನಿತ್ತು ಎಂದು ಇವಳಿಗೆ ಬಿಡಿಸಿ ಹೇಳಲು ನನಗೆ ಕಷ್ಟವಾಗಲಿಲ್ಲ. ಲೆಕ್ಕ ತಪ್ಪಿದ್ದೂ ನಿಜ ಎಂದು ಇಂಡೋನೇಷ್ಯದವಳಿಗೂ ಹೇಳಿದೆ. ಇಬ್ಬರನ್ನೂ ನಮ್ಮ ಕ್ಯಾಬಿನ್‌ಗೆ ಕರೆದು ಕುಚ್ಚಲಕ್ಕಿ ಗಂಜಿ, ಲಿಂಬೆ ಉಪ್ಪಿನಕಾಯಿ ಬಡಿಸಿ, ನಾನು ಇಸ್ತ್ರಿ ಮಾಡುತ್ತಾ ಕೂತೆ. ಸಂಧಾನ ಅವರೇ ಮಾಡಿಕೊಂಡರು. ಆ ಗಂಜಿ ಬಲು ಉಪಕಾರ ಮಾಡಿತು. ಏಷ್ಯಾದ ಮಕ್ಕಳಿಗೆಲ್ಲ ಅದು ಮನೆಯ ಊಟ. ಊರಿನಲ್ಲಿ ಅಜ್ಜಿ ತೀರಿಕೊಂಡಾಗ ಹೋಗಲಾಗದ ಕೊರಿಯದ ಹುಡುಗಿ ನಮ್ಮಲ್ಲಿ ಗಂಜಿ ಉಂಡೇ ಮೊದಲ ಸಲ ಬಾಯಿಬಿಟ್ಟು ಅತ್ತದ್ದು.

ಗಂಡನ ಪಾಠ ಎಂಜಿನ್ ರೂಮಿನಲ್ಲಿ ನಡೆಯುತ್ತಿತ್ತು. ಬಿಸಿಲ ನಾಡಿನಲ್ಲಿ ನಿಂತಾಗ ಅಲ್ಲಿನ ಸೆಕೆ ಹೇಳತೀರದು, ಕಿವಿಗೆ ಮುಚ್ಚಳ ಇಲ್ಲದೆ ನಿಲ್ಲಲಾಗದು. ಪಪುವಾ ನ್ಯೂಗಿನಿಯ ಹುಡುಗ ಮೀಟರ್ ಓದುವುದರಲ್ಲಿ ಚುರುಕು. ಯಂತ್ರದ ಸದ್ದು ಕೇಳುವುದನ್ನೂ ಕಲಿಸಲು ಒಂದು ದಿನ ನನ್ನ ಗಂಡ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನೀರೆತ್ತುವ ಪಂಪಿನ ಬೇರಿಂಗ್ ಮೇಲಿನ ಕವಚಕ್ಕೆ ಒತ್ತಿ, ಹಿಡಿಯನ್ನು ಅವನ ಕಿವಿಗೆ ಇಟ್ಟರು. ‘ಏನು ಕೇಳುತ್ತದೆ?’ ಮೊದಲು ಬರೀ ಗದ್ದಲ. ಪಕ್ಕದ ಪಂಪಿಗೆ ಇಟ್ಟು, ಮತ್ತೆ ಇದಕ್ಕೆ ಇಟ್ಟಾಗ ಅವನ ಕಣ್ಣರಳಿತು: ಇದರಲ್ಲಿ ಸಣ್ಣಗೆ ಕರಕರ. ಬೇರಿಂಗ್ ಸವೆಯತೊಡಗಿತ್ತು. ಅದನ್ನು ಬಿಚ್ಚಿ ಹೊಸದು ಹಾಕಿದವನು ಅವನೇ. ಇವರು ಟಾರ್ಚ್ ಹಿಡಿದು ನಿಂತರು, ಅಷ್ಟೇ. ನನ್ನ ಗಂಡ ಹೇಳುತ್ತಿದ್ದುದು: ತಾನೇ ಮಾಡಿದರೆ ಬೇಗ ಮುಗಿಯುತ್ತದೆ, ಆದರೆ ತಾನು ಇಳಿದು ಹೋದ ಮೇಲೂ ಹಡಗು ಓಡಬೇಕಲ್ಲ.

ಸುರಕ್ಷತೆಯ ಡ್ರಿಲ್ ಮಾತ್ರ ವಯಸ್ಸು ನೋಡುವುದಿಲ್ಲ. ಅಲಾರಂ ಆದರೆ ನಾವೂ ಲೈಫ್ ಜಾಕೆಟ್ ಕಟ್ಟಿ ಓಡಬೇಕು. ಅದಕ್ಕೆ ಕಾರಣವಿದೆ: ಓಎಂನ ಮೊದಲ ಹಡಗು ಲೋಗೋಸ್ 1988ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ತುದಿಯ ಬೀಗಲ್ ಕಾಲುವೆಯಲ್ಲಿ ಬಂಡೆಗೆ ಸಿಕ್ಕಿ ಹೋಯಿತು. ಅದರಲ್ಲಿದ್ದ ಎಲ್ಲರೂ ಬದುಕಿ ಬಂದರು. 1991ರ ಆಗಸ್ಟ್‌ನಲ್ಲಿ ಫಿಲಿಪ್ಪೀನ್ಸಿನ ಜಾಂಬೊವಾಂಗದಲ್ಲಿ ಓಎಂನ ಇನ್ನೊಂದು ಹಡಗಾದ ಡೌಲೋಸ್‌ನವರ ಕಾರ್ಯಕ್ರಮದ ಮೇಲೆ ಗ್ರೆನೇಡ್ ಬಿದ್ದು ಸ್ವೀಡನ್ನಿನ, ನ್ಯೂಜಿಲೆಂಡಿನ ಇಬ್ಬರು ಯುವತಿಯರು ತೀರಿಕೊಂಡರು. ಈ ಮಕ್ಕಳನ್ನು ಕಳುಹಿಸಿದ ತಂದೆತಾಯಿಯರಿಗೆ ಇವೆಲ್ಲ ಗೊತ್ತು. ಗೊತ್ತಿದ್ದೂ ಕಳುಹಿಸುತ್ತಾರೆ. ಅವರ ಮಗಳ ಜ್ವರಕ್ಕೆ ಹಣೆ ಮುಟ್ಟಿ ನೋಡುವಾಗ ನನಗೆ ಅದೇ ನೆನಪಾಗುತ್ತಿತ್ತು.

ಪ್ರೀತಿ ಪ್ರೇಮದ ಮಾತೂ ನಮ್ಮ ಮೇಜಿಗೆ ಬರುತ್ತಿತ್ತು. ಹೊಸಬರು ಆರಂಭದ ಅವಧಿಯಲ್ಲಿ ಅಂಥ ಸಂಬಂಧಕ್ಕೆ ತೊಡಗಬಾರದು, ಆಮೇಲೂ ಅನುಮತಿ ಕೇಳಬೇಕು ಎಂಬ ನಿಯಮ ಅವರಿಗೆ ಕಠಿಣವೆನಿಸುತ್ತಿತ್ತು. ನಮ್ಮೂರಿಗೆ ಬಂದ ಬಾಸೆಲ್ ಮಿಷನ್ನಿನ ಯುವಕರ ಕತೆ ಹೇಳಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೂವರಿಂದ ಮೊದಲ್ಗೊಂಡು ಅವರೂ ಮದುವೆಗೆ ಸಮಿತಿಯ ಒಪ್ಪಿಗೆ ಪಡೆಯಬೇಕಿತ್ತು, ಮದುಮಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಬರುತ್ತಿದ್ದಳು ಎಂದಾಗ ಕಿವಿಗೊಟ್ಟು ಕೇಳಿದರು. ಆದರೂ ಆ ವಿಷಯದಲ್ಲಿ ಅವರು ಕಲಿತದ್ದು ನಮ್ಮಿಬ್ಬರನ್ನು ನೋಡಿ. ನಾವು ಮಾತು ಬಿಟ್ಟು, ಮತ್ತೆ ಮಾತಾಡಿ, ಒಂದೇ ತಟ್ಟೆಯಿಂದ ಹಪ್ಪಳ ಮುರಿದುಕೊಂಡದ್ದನ್ನು ಅವರು ಗಮನಿಸುತ್ತಿದ್ದರು. ಒಡೆದ ಮನೆಗಳಿಂದ ಬಂದ ಮಕ್ಕಳು ಅದನ್ನು ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದಾರೆ.

ಬ್ರೆಜಿಲ್ಲಿನ ಹುಡುಗನಿಗೆ ಅವಸರ. ಒಂದು ಬಂದರಿನಲ್ಲಿ ಕೆಲವೇ ವಾರ ನಿಂತು ಹೊರಡುವಾಗ, ‘ಏನೂ ಆಗಲಿಲ್ಲ’ ಎಂದು ಕುಗ್ಗುತ್ತಿದ್ದ. ಅವನಿಗೆ ಅದೇ ಬಾಸೆಲ್ ಮಿಷನ್ನಿನ ಕಿಟ್ಟೆಲರ ವಿಷಯ ಹೇಳಿದೆ. 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಅವರಿಗೆ 21 ವರ್ಷ, ಅವನದೇ ಪ್ರಾಯ. ನಮ್ಮ ಜನರ ಮಾತನ್ನು ಕೇಳಿ ಕೇಳಿ ಬರೆದಿಟ್ಟ ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ, ಅವರ 62ನೇ ವಯಸ್ಸಿಗೆ. ಚರ್ಚಿನ ಮೆಟ್ಟಿಲು ಹತ್ತದ ಕನ್ನಡಿಗರೂ ಇಂದಿಗೂ ಅವರ ಹೆಸರು ಹೇಳುತ್ತಾರೆ, ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದ್ದಾರೆ. ಹೋದಲ್ಲಿ ಮೊದಲು ಕೇಳು, ಆಮೇಲೆ ಹೇಳು ಎಂಬುದು ನಾನು ಆ ಮಕ್ಕಳಿಗೆ ಒತ್ತಿ ಹೇಳಿದ ಒಂದೇ ಬುದ್ಧಿಮಾತು. ಸೇವೆಗೆ ಬಂದವರಿಂದ ನಮ್ಮ ನಾಡು ಪಡೆದ ಒಳಿತೆಲ್ಲ ಹಾಗೆ ಕೇಳಿಸಿಕೊಂಡವರಿಂದಲೇ ಬಂದದ್ದು ಎಂದು ನಾನು ನಂಬಿದ್ದೇನೆ.

ನಿವೃತ್ತರಾದ ದಂಪತಿಗಳು ನಮ್ಮ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ. ಎಂಜಿನಿಯರ್, ಎಲೆಕ್ಟ್ರಿಷಿಯನ್, ನರ್ಸ್, ಅಡುಗೆ ಬಲ್ಲವರು, ಹಡಗಿನಲ್ಲಿರುವ ಕುಟುಂಬಗಳ ಮಕ್ಕಳಿಗೆ ಪಾಠ ಹೇಳುವವರು, ಎಲ್ಲರಿಗೂ ಅಲ್ಲಿ ಕೆಲಸ ಇದೆ. ಇಂಗ್ಲಿಷ್ ಅಷ್ಟಿಷ್ಟು ಬಂದರೂ ಸಾಕು, ಅಲ್ಲಿನ ಅರ್ಧ ಮಂದಿಯದೂ ಅಷ್ಟಿಷ್ಟೇ. ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗುವ ಆರೋಗ್ಯ ಇರುವಾಗಲೇ ಅರ್ಜಿ ಹಾಕಿ, ಇಬ್ಬರೂ ಒಟ್ಟಿಗೆ ಹೋಗಿ.