ಗಾಡ್ಜಿಲ್ಲಾ ಯಾಕೆ ವಾಲಿತು?

ಬೇಸಿಗೆ ರಜೆ ಮುಗಿಸಿ ಹಾಸ್ಟೆಲ್‌ಗೆ ವಾಪಸ್ ಬಂದು ಬಾಗಿಲು ತೆಗೆದರೆ, ಕಿಟಕಿ ಪಕ್ಕ ನಿಲ್ಲಿಸಿ ಹೋಗಿದ್ದ ನನ್ನ ಒಂದೂವರೆ ಅಡಿ ಎತ್ತರದ ಗಾಡ್ಜಿಲ್ಲಾ ಕುಡಿದವನ ಹಾಗೆ ಮುಂದಕ್ಕೆ ವಾಲಿಕೊಂಡಿತ್ತು. ಎತ್ತಲು ಹೋದೆ, ಮೈಯೆಲ್ಲ ಅಂಟು ಅಂಟು. ಕೆಳಗೆ ಹಾಸಿದ್ದ ಥರ್ಮೋಕೋಲ್‌ಗೆ ಪಾದ ಕಚ್ಚಿಕೊಂಡು ಅಲ್ಲೊಂದು ಗುಳಿಯೇ ಬಿದ್ದಿತ್ತು. ಒಂದು ಸೆಮಿಸ್ಟರ್ ಪೂರ್ತಿ ಸಂಜೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅದು. "ಬೊಂಬೆಗೆ ಇಷ್ಟು ದುಡ್ಡಾ?" ಅಂತ ಅಪ್ಪ ಫೋನಲ್ಲಿ ಕೇಳಿದ್ದು ನೆನಪಾಯ್ತು. ರೂಮ್‌ಮೇಟ್ ಮಾತ್ರ ನಗ್ತಾ, "ಮಗಾ, ನೀನು ಮೆಕ್ಯಾನಿಕಲ್ ಅಲ್ವಾ? ಯಾಕೆ ವಾಲಿತು ಹೇಳು ನೋಡೋಣ" ಅಂದ.

ಹೇಳಕ್ಕಾಗಲಿಲ್ಲ. ಆಮೇಲೆ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಚರಿತ್ರೆ

ಇಶಿರೊ ಹೋಂಡಾ ನಿರ್ದೇಶನದ 'ಗೊಜಿರಾ' ಜಪಾನಿನಲ್ಲಿ ತೆರೆಗೆ ಬಂದದ್ದು 1954ರಲ್ಲಿ. ಗೊರಿಲ್ಲಾ, ಮತ್ತೆ ತಿಮಿಂಗಿಲಕ್ಕೆ ಜಪಾನಿಯಲ್ಲಿರುವ 'ಕುಜಿರಾ', ಎರಡೂ ಸೇರಿ ಆದ ಹೆಸರು ಅದು. ಭಾರವಾದ ರಬ್ಬರ್ ಸೂಟಿನೊಳಗೆ ಹರುವೊ ನಕಜಿಮಾ ಎಂಬ ನಟ ನಿಂತು, ಪುಟಾಣಿ ಟೋಕಿಯೋ ಮಾಡೆಲ್ ಮೇಲೆ ನಡೆದಾಡಿದ. ಅಂದರೆ ಈ ರಾಕ್ಷಸ ಹುಟ್ಟಿದ್ದೇ ಸ್ಕೇಲ್ ಮಾಡೆಲ್‌ಗಳ ನಡುವೆ.

1966ರಲ್ಲಿ 'ಅಲ್ಟ್ರಾಮ್ಯಾನ್' ಟಿವಿಗೆ ಬಂದಾಗ ಜಪಾನಿನ ಮಕ್ಕಳಿಗೆ ರಾಕ್ಷಸರ ಹುಚ್ಚೇ ಹಿಡಿಯಿತು. ಅದೇ ಹೊತ್ತಿಗೆ ಮರುಸಾನ್ ಕಂಪನಿ ಮೆತ್ತನೆಯ ವಿನೈಲ್ ಬೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಸಾಫ್ಟ್ ವಿನೈಲ್ ಜಪಾನೀಯರ ಬಾಯಲ್ಲಿ 'ಸೋಫುಬಿ' ಆಯ್ತು. ಇವತ್ತಿಗೂ ಹೊಸ ಸಿನಿಮಾ ಬಂದರೆ ಹೊಸ ಸೋಫುಬಿ ಬಂತು ಅಂತಲೇ ಲೆಕ್ಕ. 2023ರ 'ಗಾಡ್ಜಿಲ್ಲಾ ಮೈನಸ್ ಒನ್' ಮರುವರ್ಷ ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಗೆದ್ದಿತಲ್ಲ, ಅದರ ಬೊಂಬೆಯನ್ನೂ ಬಾಂಡೈ ತಂದಿದೆ.

ಸೋಫುಬಿ ಮಾಡೋದು ಹೇಗೆ?

ಶಿಲ್ಪಿ ಮಾಡಿದ ಮೂಲ ಬೊಂಬೆಯಿಂದ ಮೇಣದ ಪ್ರತಿ ತೆಗೆಯುತ್ತಾರೆ. ಅದರ ಮೇಲೆ ಎಲೆಕ್ಟ್ರೋಪ್ಲೇಟಿಂಗ್ ರೀತಿಯಲ್ಲಿ ಲೋಹ ಕೂರಿಸಿ, ಮೇಣ ಕರಗಿಸಿದರೆ ಲೋಹದ ಟೊಳ್ಳು ಅಚ್ಚು ಸಿಗುತ್ತದೆ. ಅಚ್ಚಿಗೆ ದ್ರವರೂಪದ ಪಿವಿಸಿ ಸುರಿದು ಬಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಗೋಡೆಗೆ ತಾಗಿದ ಭಾಗ ಗಟ್ಟಿಯಾಗುತ್ತದೆ, ಒಳಗೆ ಉಳಿದದ್ದನ್ನು ವಾಪಸ್ ಸುರಿದು ಮತ್ತೆ ಬೇಯಿಸುತ್ತಾರೆ. ನೀರುದೋಸೆ ಹಿಟ್ಟು ಕಾವಲಿಗೆ ಹಿಡಿಯೋ ಹಾಗೆ ಅನ್ಕೊಳ್ಳಿ. ಇದೇ ಸ್ಲಶ್ ಮೋಲ್ಡಿಂಗ್.

ಮಜಾ ಇರೋದು ಕೊನೆಯ ಹಂತದಲ್ಲಿ. ಬಿಸಿ ಇರುವಾಗಲೇ ಇಕ್ಕಳದಿಂದ ಹಿಡಿದು ಅಚ್ಚಿನ ಸಣ್ಣ ಬಾಯಿಯಿಂದ ಎಳೆದರೆ ಮೆತ್ತಗಿನ ವಿನೈಲ್ ಮುದುರಿಕೊಂಡು ಹೊರಬಂದು, ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ಹಾಗಾಗಿ ಎರಡು ಹೋಳಿನ ಅಚ್ಚು ಬೇಕಿಲ್ಲ. ತಲೆ, ಕೈ, ಕಾಲು, ಬಾಲ ಬೇರೆ ಬೇರೆ ಎರೆದು ಜೋಡಿಸುತ್ತಾರೆ. ಇಂಜೆಕ್ಷನ್ ಮೋಲ್ಡಿಂಗ್‌ನ ಫಿಗರ್‌ಗಳಲ್ಲಿ ಹುಡುಕಿದರೆ ಎರಡು ಹೋಳು ಕೂಡಿದ ಗೆರೆ ಸಿಗುತ್ತದೆ, ಆದರೆ ಕೀಲುಗಳನ್ನು ಬೇಕಾದ ಹಾಗೆ ತಿರುಗಿಸಬಹುದು. ಬಾಂಡೈಯವರ ಎಸ್.ಎಚ್. ಮಾನ್‌ಸ್ಟರ್‌ಆರ್ಟ್ಸ್ ಈ ಜಾತಿಯದು.

ವಾಲಿದ್ದರ ಲೆಕ್ಕ

16 ಸೆಂ.ಮೀ. ಬೊಂಬೆಯನ್ನು ಅದೇ ಆಕಾರದಲ್ಲಿ 48 ಸೆಂ.ಮೀ.ಗೆ ದೊಡ್ಡದು ಮಾಡಿ, ಗೋಡೆಯ ದಪ್ಪ ಹಾಗೇ ಬಿಟ್ಟೆವು ಅನ್ನಿ. ಎತ್ತರ 3 ಪಟ್ಟು. ಟೊಳ್ಳು ಬೊಂಬೆಯಾದ್ದರಿಂದ ತೂಕ ಮೇಲ್ಮೈ ಜೊತೆ ಏರುತ್ತದೆ, ಅಂದರೆ 9 ಪಟ್ಟು. ಆ ತೂಕ ಹೊರುವ ಕಣಕಾಲಿನ ಉಂಗುರದ ಅಡ್ಡಕೊಯ್ತ ಮಾತ್ರ 3 ಪಟ್ಟು. ಹಾಗಾದರೆ ಸ್ಟ್ರೆಸ್ 3 ಪಟ್ಟಾಯ್ತು. ಇನ್ನೊಂದು ಕಡೆ, ತೆಳು ಕೊಳವೆ ಬಕಲ್ ಆಗುವ ಸ್ಟ್ರೆಸ್, ದಪ್ಪವನ್ನು ತ್ರಿಜ್ಯದಿಂದ ಭಾಗಿಸಿದ ಹಾಗೆ ಇಳಿಯುತ್ತದೆ, ಅಂದರೆ ಮೂರನೇ ಒಂದು ಭಾಗ. ಎರಡೂ ಸೇರಿ ದೊಡ್ಡ ಬೊಂಬೆ 9 ಪಟ್ಟು ಹೆಚ್ಚು ಅಪಾಯದಲ್ಲಿ ನಿಂತಿದೆ! ತಯಾರಕರು ಗೋಡೆ ದಪ್ಪ ಮಾಡುವುದು, ಬಾಲವನ್ನು ಮೂರನೇ ಕಾಲಿನ ಹಾಗೆ ಊರುವುದು ಅದಕ್ಕೇ.

ಇದರ ಮೇಲೆ ಕಿಟಕಿಯ ಬಿಸಿಲು. ಬಿಸಿಯಾದರೆ ಮೆತ್ತಗಿನ ಪಿವಿಸಿ ಇನ್ನೂ ಮೆತ್ತಗಾಗಿ, ತನ್ನದೇ ಭಾರಕ್ಕೆ ದಿನದಿನಕ್ಕೆ ಚೂರು ಚೂರು ಬಾಗುತ್ತದೆ. ಮೆಟೀರಿಯಲ್ ಸೈನ್ಸ್‌ನಲ್ಲಿ ಕ್ರೀಪ್ ಅಂತ ಓದಿ ಮರೆತಿದ್ದು ಇದನ್ನೇ.

ಅಂಟಿನ ಕಥೆ

ಪಿವಿಸಿ ಸ್ವಭಾವತಃ ಗಟ್ಟಿ. ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಸೇರಿಸುತ್ತಾರೆ. ಅದು ಪಿವಿಸಿ ಜೊತೆ ರಾಸಾಯನಿಕವಾಗಿ ಬೆಸೆದಿರುವುದಿಲ್ಲ, ಸುಮ್ಮನೆ ನಡುವೆ ಸೇರಿಕೊಂಡಿರುತ್ತದೆ ಅಷ್ಟೆ. ಬಿಸಿಗೆ ಮೆಲ್ಲಗೆ ಹೊರಗೆ ಬರುತ್ತದೆ, ಅದೇ ಅಂಟು. ಪಕ್ಕದಲ್ಲಿ ಥರ್ಮೋಕೋಲ್ ಇದ್ದರೆ ಅದರೊಳಗೆ ಇಳಿದು ಅದನ್ನೂ ಕರಗಿಸುತ್ತದೆ.

ರಿಪೇರಿ ಹೀಗೆ ಮಾಡಿದೆ. ಅಂಟನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಹಳೆಯ ಮೆತ್ತನೆ ಬ್ರಶ್ ಹಾಕಿ ತೊಳೆದೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಕಡೆ ತಲೆಯೂ ಹಾಕಬೇಡಿ, ಬಣ್ಣ ಹೋಗುತ್ತೆ. ವಾಲಿದ ಕಾಲನ್ನು ಬಿಸಿನೀರಲ್ಲಿ ಒಂದೆರಡು ನಿಮಿಷ ಅದ್ದಿ, ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಇಳಿಸಿದೆ. ಕುದಿಯುವ ನೀರು ಬೇಡ.

ಹೊಸದು ಕೊಳ್ಳೋ ಮುಂಚೆ

ಒಂದು: ಬೆಲೆ ಅಂದರೆ ಬೊಂಬೆಯ ಬೆಲೆ ಮಾತ್ರ ಅಲ್ಲ. ಜಪಾನಿನಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿಸಿ ಕೂಡಿ, ಆಮೇಲೆ ಬಟನ್ ಒತ್ತಿ.

ಎರಡು: ನಕಲಿ ಮಾಲು ಬಹಳ. ಪಾದದಡಿ ಅಥವಾ ಬಾಲದಡಿ ಟೋಹೋ ಸಂಸ್ಥೆಯ ಕಾಪಿರೈಟ್ ಗುರುತು ಇದೆಯಾ ನೋಡಿ. ಗುರುತಿಲ್ಲ, ಬಣ್ಣ ಗಡಿ ದಾಟಿದೆ, ರೇಟು ನಂಬಲಾಗದಷ್ಟು ಕಮ್ಮಿ ಅಂದರೆ ಬಿಟ್ಟುಬಿಡಿ.

ಮೂರು: ಸ್ಕೇಲ್ ಲೆಕ್ಕ ಹಾಕಿ. 1954ರ ಗಾಡ್ಜಿಲ್ಲಾ 50 ಮೀಟರ್, 2016ರ 'ಶಿನ್ ಗಾಡ್ಜಿಲ್ಲಾ'ದ್ದು 118.5 ಮೀಟರ್. ಎರಡರ ಬೊಂಬೆಯೂ 16 ಸೆಂ.ಮೀ. ಇದ್ದರೆ ಒಂದು ಸುಮಾರು 1/310, ಇನ್ನೊಂದು 1/740. ಅಕ್ಕಪಕ್ಕ ನಿಲ್ಲಿಸಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ನಿಜದಲ್ಲಿ ಒಬ್ಬ ಇನ್ನೊಬ್ಬನ ಸೊಂಟಕ್ಕೂ ಬರಲ್ಲ.

ನಾಲ್ಕು: ಬಂದದ್ದೆಲ್ಲ ಬೇಕು ಅಂದರೆ ಮೆಸ್ ಬಿಲ್ಲಿಗೆ ದುಡ್ಡಿರಲ್ಲ. ನಾನೀಗ ವರ್ಷಕ್ಕೆ ಒಂದೇ ಅಂತ ಗೆರೆ ಎಳೆದುಕೊಂಡಿದ್ದೇನೆ.

ನನ್ನ ಗಾಡ್ಜಿಲ್ಲಾ ಈಗ ಕಿಟಕಿಯಿಂದ ದೂರ, ಮರದ ಶೆಲ್ಫಿನಲ್ಲಿದೆ. ಪೂರ್ತಿ ನೆಟ್ಟಗಾಗಿಲ್ಲ, ಎಡಗಾಲಲ್ಲಿ ಸಣ್ಣ ಕುಂಟು ಉಳಿದಿದೆ. ಹೋದ ತಿಂಗಳು ಅಪ್ಪ ಬಂದಾಗ ಅದನ್ನು ಕೈಗೆತ್ತಿಕೊಂಡು, "ಇದನ್ನ ಹೆಂಗ್ ಮಾಡ್ತಾರೋ?" ಅಂದರು. ಈ ಸಲ ಹೇಳಕ್ಕೆ ನನ್ನ ಹತ್ತಿರ ಉತ್ತರ ಇತ್ತು.