ಪ್ಲಾಸ್ಮಾದ ಶಾಖ ಸೋರುವುದೇಕೆ?

ಡ್ಯುಟೀರಿಯಂ ಮತ್ತು ಟ್ರಿಟಿಯಂ ಹೈಡ್ರೋಜನ್ನಿನ ಭಾರವಾದ ರೂಪಗಳು. ಇವುಗಳ ಪರಮಾಣು ಬೀಜಗಳು ಒಂದುಗೂಡಿದರೆ (ಇದೇ ಸಮ್ಮಿಲನ) ಅಪಾರ ಶಕ್ತಿ ಹೊರಬೀಳುತ್ತದೆ. ಆದರೆ ಎರಡೂ ಧನ ವಿದ್ಯುದಂಶದವು, ಒಂದನ್ನೊಂದು ದೂರ ತಳ್ಳುತ್ತವೆ. ಆ ತಳ್ಳಾಟವನ್ನು ಮೀರಿ ಕೂಡಿಕೊಳ್ಳಲು ಸುಮಾರು 15 ಕೋಟಿ ಡಿಗ್ರಿ ಉಷ್ಣತೆ ಬೇಕು. ಅದಕ್ಕೆ ಬಹಳ ಮೊದಲೇ ಪರಮಾಣುಗಳು ಒಡೆದು ಅಯಾನು, ಎಲೆಕ್ಟ್ರಾನುಗಳಾಗಿ ಬೇರ್ಪಟ್ಟಿರುತ್ತವೆ. ಈ ಸ್ಥಿತಿಯೇ ಪ್ಲಾಸ್ಮಾ.

ಗೋಡೆಗೆ ತಾಗಿದರೆ ಪ್ಲಾಸ್ಮಾ ತಣ್ಣಗಾಗುತ್ತದೆ. ಹಾಗಾಗಿ ಅದನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡಬೇಕು. ವಿದ್ಯುದಂಶವುಳ್ಳ ಕಣ ಕಾಂತರೇಖೆಯನ್ನು ಸುತ್ತುತ್ತಾ ಅದರ ಗುಂಟವೇ ಸಾಗುತ್ತದೆ. ಅಡ್ಡ ದಾಟುವುದು ಅದಕ್ಕೆ ಕಷ್ಟ. ಈ ತತ್ತ್ವದ ಮೇಲೆ 1950ರ ದಶಕದ ಆರಂಭದಲ್ಲಿ ಸೋವಿಯತ್ ವಿಜ್ಞಾನಿಗಳಾದ ಇಗೋರ್ ತಮ್ ಮತ್ತು ಆಂದ್ರೇ ಸಖರೋವ್ ಬಳೆಯಾಕಾರದ ಯಂತ್ರವೊಂದನ್ನು ಯೋಚಿಸಿದರು. ಅದೇ ಟೋಕಮ್ಯಾಕ್.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಟೋಕಮ್ಯಾಕಿನಲ್ಲಿ ಅಯಾನು ಸುತ್ತುವ ವೃತ್ತದ ತ್ರಿಜ್ಯ ಕೆಲವೇ ಮಿಲಿಮೀಟರ್. ಪ್ಲಾಸ್ಮಾದ ನಡುವಿನಿಂದ ಅಂಚಿಗೆ ಇರುವ ದೂರ 2 ಮೀಟರ್. ಕಣಗಳು ಪರಸ್ಪರ ಡಿಕ್ಕಿ ಹೊಡೆದು ಹೆಜ್ಜೆ ಹೆಜ್ಜೆಯಾಗಿ ಹೊರಬಂದರೆ ಶಾಖ ಬಹಳ ನಿಧಾನವಾಗಿ ಸೋರಬೇಕು. ಆದರೆ ಟೋಕಮ್ಯಾಕುಗಳಲ್ಲಿ ಎಲೆಕ್ಟ್ರಾನುಗಳ ಮೂಲಕ ಸೋರುವ ಶಾಖವನ್ನು ಅಳೆದಾಗ, ಅದು ಈ ಲೆಕ್ಕಕ್ಕಿಂತ ಹತ್ತಾರು ಪಟ್ಟು ಹೆಚ್ಚು ಎಂದು ತಿಳಿಯಿತು.

ಕಾರಣ ಪ್ರಕ್ಷುಬ್ಧತೆ. ಒಲೆಯ ಮೇಲಿಟ್ಟ ನೀರಿನಲ್ಲಿ ತಳ ಬಿಸಿ, ಮೇಲ್ಭಾಗ ತಣ್ಣಗಿದ್ದರೆ ನೀರು ತಾನಾಗಿ ಹೊರಳುತ್ತದೆ. ಪ್ಲಾಸ್ಮಾದ ನಡುಭಾಗ ಮತ್ತು ಅಂಚಿನ ನಡುವೆ ಉಷ್ಣತೆಯ ವ್ಯತ್ಯಾಸ ಮಿತಿ ಮೀರಿದಾಗಲೂ ಹಾಗೆಯೇ. ಬಳೆಯ ಹೊರಬದಿಯನ್ನು ನೋಡೋಣ. ಅಲ್ಲಿ ಕಾಂತಕ್ಷೇತ್ರ ದುರ್ಬಲ. ಬಾಗಿದ ಕಾಂತಕ್ಷೇತ್ರದಲ್ಲಿ ಅಯಾನುಗಳು ಒಂದು ಕಡೆಗೆ, ಎಲೆಕ್ಟ್ರಾನುಗಳು ಇನ್ನೊಂದು ಕಡೆಗೆ ಜರುಗುತ್ತವೆ; ಬಿಸಿಯಾದಷ್ಟೂ ಈ ಜರುಗು ವೇಗ ಹೆಚ್ಚು. ಹಾಗಾಗಿ ಒಂದು ಜಾಗ ಅಕ್ಕಪಕ್ಕಕ್ಕಿಂತ ತುಸು ಬಿಸಿಯಾದರೂ ಸಾಕು, ವಿದ್ಯುದಂಶಗಳು ಬೇರ್ಪಟ್ಟು ನಡುವೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಅದು ಬಿಸಿ ಪ್ಲಾಸ್ಮಾವನ್ನು ಹೊರಕ್ಕೂ ತಂಪು ಪ್ಲಾಸ್ಮಾವನ್ನು ಒಳಕ್ಕೂ ತಳ್ಳುತ್ತದೆ. ಹೀಗೆ ಹುಟ್ಟುವ ಸುಳಿಗಳ ಅಗಲ ಸೆಂಟಿಮೀಟರುಗಳಷ್ಟು, ಆಯುಷ್ಯ ಕ್ಷಣಮಾತ್ರ. ಆದರೂ ಒಂದರ ಹಿಂದೊಂದು ಹುಟ್ಟುವ ಲೆಕ್ಕವಿಲ್ಲದಷ್ಟು ಸುಳಿಗಳು ಶಾಖವನ್ನು ಹೊರಗೆ ಸಾಗಿಸಿಬಿಡುತ್ತವೆ.

ಇದಕ್ಕೆ ಪರಿಹಾರದ ದಾರಿ 1982ರಲ್ಲಿ ಕಂಡಿತು. ಜರ್ಮನಿಯ ಗಾರ್ಷಿಂಗ್‌ನ ಆಸ್ಡೆಕ್ಸ್ ಟೋಕಮ್ಯಾಕಿನಲ್ಲಿ ಪ್ಲಾಸ್ಮಾವನ್ನು ಹೆಚ್ಚು ಹೆಚ್ಚು ಕಾಯಿಸುತ್ತಿದ್ದಾಗ, ಸೋರಿಕೆ ಇದ್ದಕ್ಕಿದ್ದಂತೆ ಇಳಿದು ಶಾಖ ಹಿಂದಿಗಿಂತ ಸುಮಾರು ಎರಡು ಪಟ್ಟು ಹೊತ್ತು ಉಳಿದದ್ದನ್ನು ಫ್ರಿಟ್ಜ್ ವಾಗ್ನರ್ ಗುರುತಿಸಿದರು. ಇದನ್ನು ಎಚ್-ಮೋಡ್ ಎನ್ನುತ್ತಾರೆ. ಈ ಸ್ಥಿತಿಯಲ್ಲಿ ಅಂಚಿನ ತೆಳು ಪದರದಲ್ಲಿ ಪಕ್ಕಪಕ್ಕದ ಪ್ಲಾಸ್ಮಾ ಬೇರೆ ಬೇರೆ ವೇಗದಲ್ಲಿ ಹರಿಯುತ್ತದೆ. ಅಡ್ಡ ಬಂದ ಸುಳಿ ಬೆಳೆಯುವ ಮೊದಲೇ ಹರಿದು ಚೂರಾಗುತ್ತದೆ. ಇನ್ನೂ ಸೋಜಿಗವೆಂದರೆ, ಸುಳಿಗಳೇ ತಮ್ಮ ಶಕ್ತಿಯ ಒಂದಂಶವನ್ನು ಕೊಟ್ಟು ಇಂಥ ಹರಿವನ್ನು ಹುಟ್ಟಿಸಬಲ್ಲವು.

ನಮ್ಮ ದೇಶದಲ್ಲೂ ಈ ಅಧ್ಯಯನ ನಡೆದಿದೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ 'ಆದಿತ್ಯ' ಟೋಕಮ್ಯಾಕ್ 1989ರಲ್ಲಿ ಕೆಲಸ ಆರಂಭಿಸಿತು. ಅಂಚಿನ ಪ್ರಕ್ಷುಬ್ಧತೆ ಒಂದೇ ಸಮನೆ ಇರದೆ ಬಿಟ್ಟು ಬಿಟ್ಟು ಉಕ್ಕುವುದನ್ನು ಅಲ್ಲಿನ ವಿಜ್ಞಾನಿಗಳು ಗಮನಿಸಿ ವರದಿ ಮಾಡಿದರು.

ಐಟರ್ 50 ಮೆಗಾವ್ಯಾಟ್ ಶಾಖ ಪಡೆದು 500 ಮೆಗಾವ್ಯಾಟ್ ಸಮ್ಮಿಲನ ಶಕ್ತಿ ಕೊಡಬೇಕೆಂಬ ಗುರಿಯಿದೆ. ಅದರ ವಿನ್ಯಾಸ ನಿಂತಿರುವುದು ಎಚ್-ಮೋಡ್ ಮೇಲೆಯೇ. ಆದ್ದರಿಂದ ಸಮ್ಮಿಲನದ ಸುದ್ದಿ ಓದುವಾಗ ಉಷ್ಣತೆ ಎಷ್ಟು ಕೋಟಿ ಡಿಗ್ರಿ ಮುಟ್ಟಿತು ಎಂದು ನೋಡಿದರಷ್ಟೇ ಸಾಲದು. ಒಳಗೆ ಕೊಟ್ಟ ಶಾಖ ಎಷ್ಟು ಹೊತ್ತು ಉಳಿಯಿತು ಎಂದೂ ಕೇಳಿ. ಯಂತ್ರ ಎಷ್ಟು ಮುಂದುವರಿದಿದೆ ಎಂಬುದು ಆ ಉತ್ತರದಿಂದಲೂ ಗೊತ್ತಾಗುತ್ತದೆ.