ಪಕ್ಕದ ದೋಣಿಯವರು

ಹಾಯಿದೋಣಿಯಲ್ಲಿ ಸಂಸಾರ ಹೂಡಿದವರಿಗೆ ದೋಣಿಯ ಹೆಸರೇ ಅಡ್ಡಹೆಸರು. ನಾಗನೂರ, ಬಾಳೇಕುಂದ್ರಿ ಎಂದು ಊರನ್ನೇ ಹೆಸರಿಗೆ ಕಟ್ಟಿಕೊಂಡು ತಿರುಗುವ ಬೆಳಗಾವಿ ಕಡೆಯವರಿಗೆ ಇದು ಒಗ್ಗಲು ತಡವಾಗುವುದಿಲ್ಲ. ಮಗ ತನ್ನ ದೋಣಿಗೆ ‘ಮಲಪ್ರಭಾ’ ಎಂದು ಹೆಸರಿಟ್ಟಿದ್ದ. ಹೀಗಾಗಿ ಮಲೇಷ್ಯಾದ ಲಂಗ್ಕಾವಿ ದ್ವೀಪದಲ್ಲಿ, ಕುವಾ ಊರಿನ ದೊಡ್ಡ ಹದ್ದಿನ ಮೂರ್ತಿಯ ಮುಂದೆ ಲಂಗರು ಹಾಕಿದ್ದ ಅಷ್ಟೂ ದೋಣಿಗಳಿಗೆ ನಾನು ಮಲಪ್ರಭಾದ ಅಪ್ಪ, ನಮ್ಮಾಕೆ ಮಲಪ್ರಭಾದ ಅವ್ವ.

ನಾನು ಕೆಇಬಿಗೆ ಸೇರಿ ಹೆಸ್ಕಾಂನಲ್ಲಿ ನಿವೃತ್ತನಾದವನು. ನೌಕರಿಯ ಬಹುಪಾಲು ಖಾನಾಪುರ ತಾಲ್ಲೂಕಿನ ಕಾಡೂರುಗಳಲ್ಲಿ ಕಂಬ, ತಂತಿ, ಮಳೆ ಎಂದು ಕಳೆಯಿತು. ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ. ಮಗ–ಸೊಸೆ ಆಸ್ಟ್ರೇಲಿಯಾದ ನೌಕರಿ ಬಿಟ್ಟು ದೋಣಿಯಲ್ಲೇ ಇರತೊಡಗಿದಾಗ ನಮ್ಮ ಅಕ್ಕ, ‘ನೀರಿನ ಮ್ಯಾಲ ಮನಿ ಮಾಡೂದಂದ್ರ ಏನ್ ಹುಚ್ಚೋ ಇದು’ ಅಂದಿದ್ದಳು. ಒಂದು ಚಳಿಗಾಲ ಅಲ್ಲಿ ಕಳೆಯೋಣ ಎಂದು ಹೊರಟಾಗ ನನಗಿದ್ದ ಹೆದರಿಕೆ ಸಮುದ್ರದ್ದಲ್ಲ, ಮಾತಿಲ್ಲದೆ ಕೂರುವುದರದ್ದು. ನನ್ನ ಇಂಗ್ಲಿಷ್ ಆಫೀಸಿನ ಕಾಗದಪತ್ರದ ಇಂಗ್ಲಿಷ್. ನಮ್ಮಾಕೆಗೆ ಅದೂ ಇಲ್ಲ.

ಬಾಗಿಲು ತೆಗೆದದ್ದು ಆಕೆಯೇ. ನಾವು ಅಲ್ಲಿಗೆ ಹೋದ ವಾರದಲ್ಲೇ ಮೊಸರಿಗೆ ಹೆಪ್ಪು ಬೇಕಾಯಿತು. ಶಿವಬಸವ ನಗರದಲ್ಲಾದರೆ ಕಾಂಪೌಂಡ್ ಗೋಡೆಯ ಮೇಲಿಂದ ಒಂದು ಬಟ್ಟಲು ಬರುತ್ತದೆ. ಇಲ್ಲಿ ಸೊಸೆ ಡಿಂಗಿಯಲ್ಲಿ, ಅಂದರೆ ದೋಣಿಯಿಂದ ದೋಣಿಗೆ ಓಡಾಡುವ ರಬ್ಬರಿನ ಪುಟ್ಟ ದೋಣಿಯಲ್ಲಿ, ಅತ್ತೆಯನ್ನು ಕೂರಿಸಿಕೊಂಡು ಪಕ್ಕದವರ ಹತ್ತಿರ ಹೋದಳು. ಅದಕ್ಕೊಂದು ರೀತಿ ಇದೆ. ಕರೆಯದೆ ಯಾರ ದೋಣಿಯನ್ನೂ ಹತ್ತುವಂತಿಲ್ಲ. ಮಗ್ಗುಲಿಗೆ ಬಂದು ದೋಣಿಯ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಬೇಕು. ಒಳಗಿನವರು ತಲೆ ಹೊರಹಾಕಿ ಬನ್ನಿ ಎಂದರೆ ಚಪ್ಪಲಿಯನ್ನು ಡಿಂಗಿಯಲ್ಲೇ ಬಿಟ್ಟು ಹತ್ತಬೇಕು. ಚಪ್ಪಲಿಯ ವಿಷಯದಲ್ಲಿ ಆಕೆಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಆ ದೋಣಿಯ ಹೆಂಗಸು ಹಾಲಿನ ಪುಡಿ ಕದಡಿ ಥರ್ಮಾಸ್ ಫ್ಲಾಸ್ಕಿನಲ್ಲಿ ಮೊಸರು ಮಾಡುವವಳು. ಖಾಲಿ ಡಬ್ಬಿ ಎತ್ತಿ ಹಿಡಿದದ್ದೇ ತಡ, ಅರ್ಥವಾಯಿತು. ಹೆಪ್ಪು ತಂದು ಸುಮ್ಮನಿರಬಾರದಲ್ಲ, ಅದೇ ಡಬ್ಬಿಯಲ್ಲಿ ಗೋಕಾಕದ ಕರದಂಟು ಹೋಯಿತು.

ಹೊಸ ಜಾಗದಲ್ಲಿ ಸ್ನೇಹ ಬೇಕಾದವರು ಮೊದಲು ಏನಾದರೂ ಕೊಡಲು ನೋಡುತ್ತಾರೆ. ಕೇಳುವುದು ಅದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಕೊಟ್ಟರೆ ಎದುರಿನವರು ಋಣದಲ್ಲಿ ಬೀಳುತ್ತಾರೆ, ಸ್ವಲ್ಪ ಬಿಗಿಯುತ್ತಾರೆ. ಕೇಳಿದರೆ ಅವರ ಮನೆಯ ಯಜಮಾನಿಕೆ ಅವರಿಗೇ ಉಳಿಯುತ್ತದೆ.

ನನ್ನ ಸರದಿ ಬಂದದ್ದು ರೇಡಿಯೋದ ಮೂಲಕ. ಎಲ್ಲ ದೋಣಿಗಳಲ್ಲೂ ವಿಎಚ್‌ಎಫ್ ರೇಡಿಯೋ ಇರುತ್ತದೆ. 16ನೇ ಚಾನೆಲ್‌ನಲ್ಲಿ ಕರೆದು, ಬೇರೊಂದು ಚಾನೆಲ್‌ಗೆ ಹೋಗಿ ಮಾತಾಡಬೇಕು. ಗುಟ್ಟೇನೂ ಉಳಿಯುವುದಿಲ್ಲ, ಕೇಳುವ ಚಟ ಇದ್ದವರು ಹಿಂದೆಯೇ ಆ ಚಾನೆಲ್‌ಗೆ ಬರುತ್ತಾರೆ. ‘ನಮ್ಮಪ್ಪ ಎಲೆಕ್ಟ್ರಿಕಲ್‌ನವರು’ ಎಂದು ಮಗ ಯಾರಿಗೋ ಹೇಳಿದ್ದನ್ನು ಬಂದರೆಲ್ಲ ಕೇಳಿಸಿಕೊಂಡಿತ್ತು.

ಮೊದಲು ಕರೆದವರು ವಯಸ್ಸಾದ ದಂಪತಿ. ಅವರ ಫ್ರಿಜ್ಜು ದಿನಾ ಬೆಳಗಿನ ಜಾವಕ್ಕೆ ಆರಿಹೋಗುತ್ತಿತ್ತು. ಬ್ಯಾಟರಿ ಹೋಗಿದೆ ಎಂದುಕೊಂಡು ಹೊಸದಕ್ಕೆ ದುಡ್ಡು ಹೊಂದಿಸುತ್ತಿದ್ದರು. ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್, ಫ್ರಿಜ್ಜಿನ ತುದಿಯಲ್ಲಿ 11ಕ್ಕೂ ಕಡಿಮೆ. ನಡುವೆ ಎಲ್ಲೋ ತಿನ್ನುತ್ತಿದೆ. ಹಾಸಿಗೆಯ ಹಲಗೆ ಎತ್ತಿ, ಹೊಟ್ಟೆಯ ಮೇಲೆ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿ ನೋಡಿದರೆ ನೆಗೆಟಿವ್ ತಂತಿಯ ತುದಿಯ ಲಗ್ಗು ಹಸಿರು ಪುಡಿಯಾಗಿ ನಿಂತಿದೆ. ಉಪ್ಪುಗಾಳಿಗೆ ಬರಿಯ ತಾಮ್ರ ಬಾಳುವುದಿಲ್ಲ, ದೋಣಿಗೆ ತವರ ಲೇಪಿಸಿದ ತಂತಿಯೇ ಬೇಕು. ಕೊಳೆತಷ್ಟನ್ನು ಕತ್ತರಿಸಿ, ಹೊಸ ಲಗ್ಗು ಒತ್ತಿ ಕೊಟ್ಟೆ. ದುಡ್ಡಿನ ಮಾತು ಬರಲಿಲ್ಲ, ಅಲ್ಲಿ ಅದು ಬರುವುದೂ ಇಲ್ಲ. ಮರುದಿನ ಆ ಮುದುಕ ತನ್ನ ಉಳಿ–ಸುತ್ತಿಗೆ ತಂದು ನಮ್ಮ ಸೋರುವ ಕಿಟಕಿಯ ಚೌಕಟ್ಟನ್ನು ಬಿಚ್ಚಿ ಕೂತ. ಸಾಲಿನಲ್ಲಿ ಮುಂದಿನವರು ಸಂಜೆಗೇ ಬಂದರು. ಅವರು ಕೃತಜ್ಞತೆಯಿಂದ ತಂದುಕೊಟ್ಟ ಮೀನನ್ನು ಏನು ಮಾಡುವುದೆಂಬುದೇ ಲಿಂಗಾಯತರ ದೋಣಿಯಲ್ಲಿ ದೊಡ್ಡ ಪ್ರಶ್ನೆಯಾಯಿತು.

ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಯಾರದಾದರೂ ದೋಣಿಯಲ್ಲಿ ಕೂಟ. ನಿಮ್ಮ ತಟ್ಟೆ, ನಿಮ್ಮ ಲೋಟ, ನಿಮ್ಮ ಪಾನೀಯ ನೀವೇ ಒಯ್ಯಬೇಕು. ಬಡಿಸುವವರಿಗೆ ಪಾತ್ರೆ ತೊಳೆಯುವ ನೀರು ಉಳಿಯುತ್ತದೆ. ಕುಡಿಯದವರಿಗೆ ಬಲವಂತವಿಲ್ಲ, ನಾವು ಚಹಾದ ಫ್ಲಾಸ್ಕ್ ಒಯ್ಯುತ್ತಿದ್ದೆವು. ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಅಲ್ಲಿ ಹೆಸರು ಮಾಡಿದವು. ತಿಂಗಳುಗಟ್ಟಲೆ ಕೆಡದ, ಫ್ರಿಜ್ಜು ಬೇಡದ ಪದಾರ್ಥವೆಂದರೆ ಸಮುದ್ರದವರ ಕಿವಿ ನೆಟ್ಟಗಾಗುತ್ತದೆ. ಡಬ್ಬಿಯ ಮುಚ್ಚಳ ಒಮ್ಮೆ ಸಡಿಲಾದರೆ ಮಾತ್ರ ಸಮುದ್ರದ ಗಾಳಿಗೆ ರೊಟ್ಟಿ ಚರ್ಮವಾಗಿಬಿಡುತ್ತದೆ.

ಭಾರತದವರು ಎಂದರೆ ಅವರು ಕೇಳುವುದು ನಾವಿಕ ಅಭಿಲಾಷ್ ಟೋಮಿಯ ಬಗ್ಗೆ. 2018ರ ಗೋಲ್ಡನ್ ಗ್ಲೋಬ್ ಹಾಯಿದೋಣಿ ರೇಸ್‌ನಲ್ಲಿ ಬೆನ್ನು ಮುರಿದುಕೊಂಡು, ಮುಂದಿನ ರೇಸನ್ನು 2023ರಲ್ಲಿ ಎರಡನೆಯವನಾಗಿ ಮುಗಿಸಿದ ಆತ ಅವರಿಗೆಲ್ಲ ಮನೆಮಾತು. ಆತ 2012–13ರಲ್ಲಿ ಎಲ್ಲೂ ನಿಲ್ಲದೆ ಒಬ್ಬನೇ ಜಗತ್ತು ಸುತ್ತಿದ ನೌಕಾಪಡೆಯ ದೋಣಿಯ ಹೆಸರು ‘ಮ್ಹಾದೇಯಿ’, ಗೋವಾದಲ್ಲಿ ಕಟ್ಟಿದ್ದು. ಅದು ನಮ್ಮ ಮಹದಾಯಿ, ಹುಟ್ಟುವುದು ಖಾನಾಪುರ ತಾಲ್ಲೂಕಿನ ದೇಗಾಂವ್ ಬಳಿ. ಪೂರ್ವಕ್ಕೆ ಹರಿಯುವ ಮಲಪ್ರಭೆ ಹುಟ್ಟುವುದೂ ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ. ಈ ಎರಡೂ ಊರುಗಳ ಸೀಮೆಯಲ್ಲಿ ನಾನು ಕಂಬ ಹತ್ತಿದ್ದೇನೆ ಎಂದದ್ದಕ್ಕೆ ಸಿಕ್ಕ ಮರ್ಯಾದೆ ನಿವೃತ್ತಿಯ ದಿನವೂ ಸಿಕ್ಕಿರಲಿಲ್ಲ. ಆ ನದಿಗಳ ನೀರಿನ ಜಗಳವನ್ನು ಬಿಚ್ಚಲು ಹೋಗಲಿಲ್ಲ.

ಈ ಜನ ನಮಗಿಂತ ಒಳ್ಳೆಯವರೇನಲ್ಲ. ಜನರೇಟರ್ ಸದ್ದಿಗೆ, ತೀರ ಹತ್ತಿರ ಲಂಗರು ಹಾಕಿದ್ದಕ್ಕೆ ಜೋರಾಗಿಯೇ ಜಗಳವಾಡುತ್ತಾರೆ. ಆದರೆ ನಡುರಾತ್ರಿ ಕೆಟ್ಟದ್ದಾದರೆ ಮೊದಲು ಬರಬಲ್ಲವನು ಪಕ್ಕದ ದೋಣಿಯವನೇ, ಅದು ಎಲ್ಲರಿಗೂ ಗೊತ್ತು. ಏಪ್ರಿಲ್‌ನ ಒಂದು ಬೆಳಗಿನ ಜಾವ ಪಶ್ಚಿಮದಿಂದ ಬಿರುಗಾಳಿ ಎದ್ದಿತು, ಅದನ್ನು ಅಲ್ಲಿಯವರು ‘ಸುಮಾತ್ರಾ’ ಎನ್ನುತ್ತಾರೆ. ನಮ್ಮ ಮುಂದಿದ್ದ ದೋಣಿ ಲಂಗರು ಕಿತ್ತು ಹಿಂದಕ್ಕೆ ಬರತೊಡಗಿತು, ಒಡೆಯರು ಊರಲ್ಲಿ ಉಳಿದಿದ್ದರು. ಕರೆಯದೆ ಹತ್ತಬಾರದು ಎಂಬ ನಿಯಮ ಅವತ್ತು ಯಾರಿಗೂ ನೆನಪಾಗಲಿಲ್ಲ. ಚಡ್ಡಿಯಲ್ಲೇ ಬಂದ ಮೂವರು, ನಮ್ಮ ಮಗ ಸೇರಿ, ಆ ದೋಣಿಗೆ ಹಾರಿ ಇನ್ನಷ್ಟು ಸರಪಳಿ ಬಿಟ್ಟರು. ಆಳದ ಐದು ಪಟ್ಟು ಸರಪಳಿ ಬಿಟ್ಟರೆ ಲಂಗರು ಕಚ್ಚುತ್ತದೆ, ಅವರು ಬಿಟ್ಟದ್ದು ಅದಕ್ಕೂ ಹೆಚ್ಚು. ನಾನು ಟಾರ್ಚ್ ಹಿಡಿದು ನಿಂತೆ. ಬೆಳಗಾದ ಮೇಲೆಯೇ ಪರಸ್ಪರ ಹೆಸರು ಕೇಳಿಕೊಂಡದ್ದು.

ಒಂದು ಮಾತು ನನ್ನನ್ನು ಕುಟುಕುತ್ತಲೇ ಇತ್ತು. ಅದೇ ನೀರಿನಲ್ಲಿ ದಿನಾ ಬಲೆ ಬೀಸುವ ಮಲಯ್ ಮೀನುಗಾರರು ಈ ರೇಡಿಯೋದಲ್ಲೂ ಇಲ್ಲ, ಸಂಜೆಯ ಕೂಟದಲ್ಲೂ ಇಲ್ಲ. ಅವರನ್ನು ಯಾರೂ ದೂರ ಇಟ್ಟದ್ದಲ್ಲ, ಕರೆಯಬೇಕೆಂದು ಯಾರಿಗೂ ಹೊಳೆದದ್ದೂ ಇಲ್ಲ. ನಮ್ಮಾಕೆ ಕುವಾದ ತಮಿಳು ಅಂಗಡಿಯವಳ ಹತ್ತಿರ ಕರಿಬೇವಿನ ನೆಪದಲ್ಲಿ ಗಂಟೆಗಟ್ಟಲೆ ಕೂತು ಬರುತ್ತಿದ್ದಳು. ನನಗೆ ಅಷ್ಟೂ ಆಗಲಿಲ್ಲ.

ಅಗಲಿಕೆಯನ್ನು ಗಾಳಿಯೇ ನಿರ್ಧರಿಸುತ್ತದೆ. ಈಶಾನ್ಯ ಮಾರುತ ಬೀಸುತ್ತಿರುವಾಗಲೇ ಪಶ್ಚಿಮಕ್ಕೆ ಹೊರಡುವವರು ಶ್ರೀಲಂಕಾ, ಮಾಲ್ಡೀವ್ಸ್ ಕಡೆ ಹೋಗಿಬಿಡಬೇಕು. ವೀಸಾದ ಗಡುವು ಬೇರೆ. ಭಾರತದ ಪಾಸ್‌ಪೋರ್ಟಿನವರಿಗೆ ಮಲೇಷ್ಯಾ ಆಗ ವೀಸಾ ಇಲ್ಲದೆ ಕೊಡುತ್ತಿದ್ದುದು 30 ದಿನ, ಹಾಗಾಗಿ ನಾವೇ ನಡುವೆ ಥಾಯ್ಲೆಂಡಿನ ಫುಕೆಟ್‌ಗೆ ಹೋಗಿ ಬಂದೆವು. ಇಷ್ಟೇ ಕಾಲ ಎಂದು ಗೊತ್ತಿದ್ದರೆ ಪೀಠಿಕೆ ಹಾಕುತ್ತ ಕೂರಲು ಆಗುವುದಿಲ್ಲ. ಎರಡನೇ ಚಹಾಕ್ಕೇ ಕಾಯಿಲೆ, ಸಾಲ, ಮಾತು ಬಿಟ್ಟ ಮಗಳು ಎಲ್ಲ ಹೊರಬರುತ್ತಿತ್ತು. ಮೂವತ್ತು ವರ್ಷ ಜೊತೆಗೆ ಕೆಲಸ ಮಾಡಿದವರ ಬಗ್ಗೆ ನನಗೆ ಇಷ್ಟು ಗೊತ್ತಿಲ್ಲ.

ಇತ್ತ ನಮ್ಮ ಶಿವಬಸವ ನಗರ ನಾಗನೂರು ಮಠದ ಶಿವಬಸವ ಸ್ವಾಮಿಗಳ ಹೆಸರಿನ ಬಡಾವಣೆ. ಹಳ್ಳಿಯ ಹುಡುಗರು ಮಠದ ಪ್ರಸಾದ ನಿಲಯದಲ್ಲಿ ಒಂದು ಟ್ರಂಕಿನಷ್ಟು ಜಾಗದಲ್ಲಿ ಇದ್ದು ಓದಿದ ಊರು. ಈಗ ನಮ್ಮ ಓಣಿಯಲ್ಲಿ ಕಾಂಪೌಂಡುಗಳು ಎತ್ತರವಾಗಿವೆ. ಮೇಲಿನ ಮನೆಗೆ ಬಂದ ಇಂಜಿನಿಯರಿಂಗ್ ಹುಡುಗರು ವರ್ಷವಾದರೂ ಮೆಟ್ಟಿಲ ಮೇಲೆ ತಲೆ ಬಗ್ಗಿಸಿಯೇ ಹೋಗುತ್ತಿದ್ದರು. ಊರಿಗೆ ಬಂದ ಮೇಲೆ ಅವರಿಗೆ ಹಬ್ಬದ ಹೋಳಿಗೆ ಕಳಿಸುವ ಬದಲು, ಸಿಲಿಂಡರ್ ಒಳಗಿಡಲು ಕೈ ಕೊಡ್ರಪಾ ಎಂದೆ. ಈಗ ಅವರ ಇಸ್ತ್ರಿಪೆಟ್ಟಿಗೆ, ಫ್ಯಾನು, ಮನೆಯವರೊಡನೆ ಜಗಳ ಎಲ್ಲ ಕೆಳಗೇ ಬರುತ್ತವೆ.

ಮೊನ್ನೆ ಮಗ ಫೋನು ಮಾಡಿದ್ದ. ಡಿಸೆಂಬರ್‌ಗೆ ಬರುತ್ತೀರಾ ಎಂದು ಕೇಳಿದ. ಪಕ್ಕದ ಎರಡು ದೋಣಿಯವರು ವೈರಿಂಗ್ ಬಿಚ್ಚಿಟ್ಟುಕೊಂಡು, ಮಲಪ್ರಭಾದ ಅಪ್ಪ ಬರಲಿ ಎಂದು ಕಾಯುತ್ತಿದ್ದಾರಂತೆ.